ಹಕ್ಕಿ ಒಂದು, ಡಬ್ಬ ಒಂದು

ಬುಧವಾರ, ಹೊಸದುರ್ಗದ ಬಸ್ಸು ಹೋದ ಮೇಲೆ,
ಗುಬ್ಬಿಯೊಂದನ್ನು ಅಟ್ಟಿಸಿಕೊಂಡು ಬಂದು
ನನ್ನ ಕೋಳಿಯಂಗಡಿಯ ಗಾಜಿಗೆ ಬಡಿದು ಬಿತ್ತು.
ಗುಬ್ಬಿ ತಕ್ಕಡಿಯ ಕೆಳಗೆ ನುಸುಳಿ ಬದುಕಿತು.
ಇದು ಮಾತ್ರ ಒಂದು ರೆಕ್ಕೆ ಹರಡಿಕೊಂಡು
ಹಳದಿ ಕಣ್ಣಲ್ಲಿ, ತಪ್ಪೆಲ್ಲ ನನ್ನದೇ ಎಂಬಂತೆ ನೋಡಿತು.

ಹದ್ದಿನ ಮರಿ ಅಂದರು ಕೊಬ್ಬರಿ ಮಂಡಿಯವರು.
ಗಿಡುಗ ಅಂದ ಸೋಡಾ ಅಂಗಡಿಯ ಕರಿಬಸಪ್ಪ.
ನನ್ನ ಗಂಡನ ಅಜ್ಜ ಇದ್ದಿದ್ದರೆ
ಕಣ್ಣಿನ ಬಣ್ಣ ನೋಡೇ ಹೇಳುತ್ತಿದ್ದರು:
ಶಿಕ್ರಾ, ಹೆಣ್ಣು. ಈ ಜಾತಿಯಲ್ಲಿ
ಹೆಣ್ಣೇ ದೊಡ್ಡದು ಮೆಹಬೂಬಿ, ಗಂಡು ಬರೀ ಹಿಡಿಯಷ್ಟು.
ಹಾಗೆನ್ನುವಾಗೆಲ್ಲ ಅಜ್ಜಿ ಒಳಗಿನಿಂದ ಕೆಮ್ಮುತ್ತಿದ್ದಳು.

ಯಾರೋ ಸಾಹುಕಾರರ ಬೇಟೆಗೆ
ಬಲೆ ಹಾಕಿ ಹಿಡಿದು, ರೆಪ್ಪೆಗೆ ದಾರ ಹೊಲಿದು
ಕತ್ತಲಲ್ಲಿ ಹಸಿವು ಕಲಿಸಿ, ಆಮೇಲೆ
ಒಂದೊಂದೇ ಹೊಲಿಗೆ ಬಿಚ್ಚುತ್ತಿದ್ದರಂತೆ,
ಜಗತ್ತನ್ನು ಕಂತಿನಲ್ಲಿ ಕೊಟ್ಟ ಹಾಗೆ.
ಅಂಗೈಯಲ್ಲಿ ಹಿಡಿದು ಕವಣೆಕಲ್ಲಿನಂತೆ ಎಸೆದರೆ
ಲಾವಕ್ಕಿ ಏಳುವ ಮೊದಲೇ ಮುಗಿದಿರುತ್ತಿತ್ತು.
ಆ ಕಾಲದ್ದು ಅಂತ ಟ್ರಂಕಿನಲ್ಲಿ ಉಳಿದದ್ದು
ಎಡಗೈಯದ್ದು, ಒಂದೇ ಒಂದು ಚರ್ಮದ ಕೈಗವಸು.
ಬಲಗೈಯದ್ದೆಲ್ಲಿ ಅಂತ ಮದುವೆಯಾದ ಹೊಸದರಲ್ಲಿ ಕೇಳಿದ್ದೆ.
ಎಲ್ಲರೂ ನಕ್ಕಿದ್ದರು.

ಫೋನು ಮಾಡಿದೆ. ಅರಣ್ಯದವರು ಅಂದರು:
ಸಿಕ್ಕ ಹೊತ್ತಿನಿಂದ ನಲವತ್ತೆಂಟು ಗಂಟೆ.
ಅಷ್ಟರೊಳಗೆ ತಿಳಿಸಬೇಕು, ತಿಳಿಸಿದ್ದೀರಿ, ಸರಿ.
ಗಾಡಿ ಕಣಕಟ್ಟೆ ಕಡೆ ಚಿರತೆ ಬೋನಿಗೆ ಹೋಗಿದೆ.
ಮುಟ್ಟಬೇಡಿ. ಸಾಯಲೂ ಬಿಡಬೇಡಿ.

ಎರಡು ರಾತ್ರಿ.
ಶಟರ್ ಎಳೆದು, ಕವಸು ತೊಟ್ಟು,
ಕೋಳಿಯ ಕತ್ತನ್ನು ಪುಕ್ಕದ ಸಮೇತ ಕೊಟ್ಟೆ.
ಪುಕ್ಕ ಹೋಗದೆ ಹೊಟ್ಟೆ ತೊಳೆಯದು, ಅಜ್ಜನ ಮಾತು.
ದಿನಕ್ಕೆ ಅರವತ್ತು ಕೊಯ್ಯುವ ಕೈ ಇದು.
ಅದರ ಮೇಲೆ ಕೂತು ಉಂಡು, ಕೊಕ್ಕು ಒರೆಸಿ,
ಒಂದು ಕಾಲನ್ನು ಹೊಟ್ಟೆಯ ಗರಿಯೊಳಗೆ ಎಳೆದುಕೊಂಡಿತು.
ನಂಬಿಕೆಯೋ, ಚಳಿಯೋ.
ಜಂಕ್ಷನ್ನಿನಲ್ಲಿ ಮೈಸೂರು ರೈಲು ಕೂಗಿದಾಗ ಮಾತ್ರ
ನಾಲ್ಕೂ ಉಗುರು ಒಟ್ಟಿಗೆ ಬಿಗಿದವು.

ಶುಕ್ರವಾರ ಗಾರ್ಡು ರುದ್ರೇಶಿ ಬಂದ,
ರಟ್ಟಿನ ಡಬ್ಬಕ್ಕೆ ಪೆನ್ನಿನಿಂದ ತೂತು ಹೊಡೆದುಕೊಂಡು.
ಪುಸ್ತಕ ತೆಗೆದು, ಚಿತ್ರ ಹೋಲಿಸಿ
'ಬಿಜ್ಜು' ಅಂತ ಬರೆದ. ಎಷ್ಟು ಚಂದದ ಹೆಸರು,
ನಮ್ಮ ಮನೆಯಲ್ಲಿ ಯಾರೂ ಹಾಗೆ ಕರೆದಿರಲಿಲ್ಲ.
"ಲೈಸೆನ್ಸು ಮಾಡಿಸಿ ಇಟ್ಕೋಬಹುದಾ?"
ಅಂಗಡಿಗೆ ನಗರಸಭೆಯ ಲೈಸೆನ್ಸು ಇದೆ,
ತಕ್ಕಡಿಗೆ ವರ್ಷವರ್ಷ ಮುದ್ರೆ ಬೀಳುತ್ತದೆ,
ಕೇಳುವುದರಲ್ಲಿ ತಪ್ಪೇನು.
"ಗಿಳಿ ಸಾಕಿದ್ರೇ ಕೇಸು, ಅಕ್ಕ.
ಇದು ಒಂದನೇ ಶೆಡ್ಯೂಲು, ಹುಲಿ ಜೊತೆ ಕೂತಿದೆ.
ಇಂಥದ್ದಕ್ಕೆ ನಿಮಗೆ ಕೊಡೋ ಅರ್ಜೀನೇ ಇಲ್ಲ.
ಇದು ಸರ್ಕಾರದ ಸ್ವತ್ತು."

ಸರ್ಕಾರದ ಸ್ವತ್ತು ಅದೇ ಗಳಿಗೆಯಲ್ಲಿ
ಅವನ ಹೆಬ್ಬೆರಳಿಗೆ ಉಗುರಿಳಿಸಿತು.
ಇಲಾಖೆಯನ್ನು ಕೈಗವಸು ಕೇಳಿ ಎರಡು ವರ್ಷವಾಯಿತಂತೆ,
ಇಂಡೆಂಟು ಹಾಸನದಲ್ಲಿದೆ.

ಅಜ್ಜನದನ್ನು ಕೊಟ್ಟೆ.
ಎಲ್ಲಿಂದ ಬಂತು ಅಂತ ಅವನು ಕೇಳಲಿಲ್ಲ.
ಒಳಗೆ ಕೈ ತೂರಿಸಿ, ಬೆರಳಾಡಿಸಿ,
ನನ್ನ ಮುಖವನ್ನೊಮ್ಮೆ ನೋಡಿದ, ಅಷ್ಟೇ.
ಮಹಜರಿನಲ್ಲಿ ಬರೆದದ್ದು: ಹಕ್ಕಿ ಒಂದು, ಡಬ್ಬ ಒಂದು.
ಸಹಿ ಮಾಡಿದೆ.

ತಿಂಗಳಾಯಿತು. ಹುಳಿಯಾರು ರಸ್ತೆಯ ಆಫೀಸಿಗೆ ಹೋದರೆ
ಹಕ್ಕಿಯ ವಿಷಯ ಮೇಡಂಗೆ ಗೊತ್ತು, ಮೇಡಂ ಮೀಟಿಂಗಿನಲ್ಲಿ.
ಕವಸು ಗೋಡೆಯ ಮೊಳೆಗೆ ನೇತಾಡುತ್ತಿತ್ತು,
ಬೀಗದ ಕೈಗಳ ಪಕ್ಕ. ಹೆಬ್ಬೆರಳಿನ ಮೇಲೆ
ನಾನು ಕಂಡಿರದ ಹೊಸ ಗೀರು.
ಕೇಳಿ ತರಬಹುದಿತ್ತು. ತರಲಿಲ್ಲ.

ಕೆಲವು ಮಧ್ಯಾಹ್ನ ಬೇವಿನ ಮರದ ಗುಬ್ಬಿಗಳು
ಒಟ್ಟಿಗೆ ಸುಮ್ಮನಾಗುತ್ತವೆ.
ಎಡಗೈ ತಾನಾಗಿ ಮೊಳಕೈಯಿಂದ ಏಳುತ್ತದೆ.
"ಅರ್ಧ ಕೇಜಿ, ಸ್ಕಿನ್ ತೆಗ್ದು" ಅನ್ನುತ್ತಾರೆ ಯಾರೋ.
ಇಳಿಸುತ್ತೇನೆ.