ಒತ್ತೆ

ಅಶೋಕ ರಸ್ತೆಯ ಎರಡನೇ ಮಹಡಿಯಲ್ಲಿ, ಗಾಜಿನ ಹಿಂದೆ,
ನಾನು ಚಿನ್ನ ಉಜ್ಜುವವನು.
ಒರೆಗಲ್ಲ ಮೇಲೊಂದು ಗೀಟು, ಗೀಟಿನ ಮೇಲೊಂದು ಹನಿ ಆಸಿಡ್ಡು;
ಉಳಿದರೆ ಸಾಲ, ಮಾಸಿದರೆ ‘ಆಗಲ್ಲಮ್ಮ’.
ಬಳೆಯೊಳಗಿನ ಅರಗು, ಓಲೆಯ ಕಲ್ಲು,
ತಾಳಿಗೆ ಮೆತ್ತಿದ ಅರಿಶಿನ
ಕಳೆದು, ನಿವ್ವಳ ತೂಕ ಬರೆಯುತ್ತೇನೆ.
ಅರಿಶಿನಕ್ಕೆ ಎಷ್ಟು ಕಳೆಯಬೇಕೆಂದು ಯಾವ ಸುತ್ತೋಲೆಯೂ ಹೇಳಿಲ್ಲ.
ಅಂದಾಜು.

ಆರಕ್ಕೆ ತಿಜೋರಿಗೆ ಇಬ್ಬರ ಬೀಗ.
ಹೊರಗೆ ಫಿಲೋಮಿನಾ ಚರ್ಚಿನ ಜೋಡಿ ಗೋಪುರ ಕಪ್ಪಾಗುವ ಹೊತ್ತು.
ಆಗ ಅಜ್ಜಿ ಬರುತ್ತಾಳೆ.

ಜೀವರತ್ನಮ್ಮ, ಮಿಷನ್ ಆಸ್ಪತ್ರೆಯ ಆಯಾ,
ನಿವೃತ್ತಿಯ ಇಡುಗಂಟನ್ನು ಕೇರಿಗೆ ಕೈಗಡ ಕೊಟ್ಟೂ ಕೊಟ್ಟೂ ಕರಗಿಸಿದವಳು.
ಬಡ್ಡಿ?
‘ದುಡ್ಡೇನು ಕೋಳಿಯೇನೋ, ಕಾವಿಗೆ ಕೂತು ಮರಿ ಮಾಡಕ್ಕೆ?’

ಬೀಡಿ ಕಟ್ಟುವ ಜೈಬುನ್ನಿಸಾ ನಲವತ್ತು ರೂಪಾಯಿಗೆ
ಕಂಬಳಿ ಒತ್ತೆ ಇಟ್ಟಳು. ಬೇಡವೆಂದರೂ ಕೇಳಲಿಲ್ಲ.
ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಅದನ್ನು ಹೆಗಲಿಗೆ ಹಾಕಿ
ಹೊರಟಳು, ಹಿಂದಿರುಗಿಸಲು.
ಬೆಳಗ್ಗೆ ಹೋಗಿ ತಂದಳು.
ಸಂಜೆ ಮತ್ತೆ. ಬೆಳಗ್ಗೆ ಮತ್ತೆ.
ಚಳಿಗಾಲ ಪೂರ್ತಿ ಒಂದು ಕಂಬಳಿ
ಮಂಡಿ ಮೊಹಲ್ಲದ ಎರಡು ಬೀದಿಗಳ ನಡುವೆ
ನೌಕರಿಗೆ ಹೋದಂತೆ ಹೋಗಿ ಬಂತು.
‘ಹೊದ್ಕೊಳ್ಳೋದನ್ನ ಹಿಡಿದ್ರೆ ಹೊತ್ತು ಮುಳುಗೋ ಮುಂಚೆ ಕೊಟ್ಬಿಡಬೇಕು,
ಮೋಶೆ ಕಾಲದ ಕಟ್ಟಳೆ. ಬೀಸೋಕಲ್ಲಂತೂ ಮುಟ್ಟಲೇಬಾರದು.’
‘ಮತ್ತೆ ಒತ್ತೆ ಯಾಕಜ್ಜಿ?’
‘ದಿನಾ ಎರಡು ಸಲ ಅವಳ ಮುಖ ನೋಡಕ್ಕೆ.’

ನಮ್ಮ ಕಂಪನಿಗೂ ಮುಖ ಬೇಕು.
ಒಂದೇ ಸಲ. ಕ್ಯಾಮೆರಾ ನೋಡಿ, ಕಣ್ಣು ಮಿಟುಕಿಸಿ.

ಪ್ಯಾಕೆಟ್ ನಲವತ್ನಾಲ್ಕು ಹದಿನೇಳು. ಎರಡು ಬಳೆ, ಹದಿನಾಲ್ಕು ಗ್ರಾಂ ಚಿಲ್ಲರೆ.
ಸುಲೋಚನಾ ಬೆಂಜಮಿನ್, ನಮ್ಮ ಸಭೆಯವರೇ,
ಎಡಗಡೆ ಮೂರನೇ ಬೆಂಚು; ಮಗಳ ನರ್ಸಿಂಗ್ ಫೀಸಿಗೆ ಇಟ್ಟದ್ದು.
‘ಮಂಗಳವಾರ ಹರಾಜು’ ಎಂದು ಸಹಿ ಹಾಕಿದ ಕೈಯಲ್ಲೇ
ಭಾನುವಾರ ಕಾಣಿಕೆ ಚೀಲ ಹಿಡಿದು ಅವರ ಮುಂದೆ ನಿಂತೆ.
ಬೋಳು ಕೈ. ಹತ್ತರ ನೋಟು. ಚೀಲ ಮುಂದೆ ಹೋಯಿತು.
ಅಂದಿನ ಪ್ರಸಂಗ ನೆನಪಿಲ್ಲ.
ಪ್ರಾರ್ಥನೆಯಲ್ಲಿ ಎಲ್ಲರೂ ‘ತಪ್ಪು’ ಎನ್ನುವಲ್ಲಿ ಅಜ್ಜಿ, ಹಳೇ ರೂಢಿ,
‘ಸಾಲ’ ಎನ್ನುತ್ತಿದ್ದಳು, ಗಟ್ಟಿಯಾಗಿ, ಅರ್ಧ ಮಾತು ಮುಂಚೆ.
ತಪ್ಪು ಮನ್ನಿಸಲು ಮನಸ್ಸು ಸಾಕು.
ಸಾಲ ಬಿಡಲು ಪೆಟ್ಟಿಗೆ ತೆರೆಯಬೇಕು.

ಸೋಮವಾರ ಕಟ್ಟಿದೆ. ಬಡ್ಡಿ, ದಂಡ, ನೋಟಿಸಿನ ಅಂಚೆ ಖರ್ಚು,
ಆರು ಸಾವಿರದ ಇನ್ನೂರ ಹತ್ತು. ಹೆಸರು ಹಾಕಲಿಲ್ಲ.
ಪುಣ್ಯಾತ್ಮನೇನಲ್ಲ;
ಅದೇ ಸಂಜೆ ಇನ್ನೂ ಹನ್ನೊಂದು ಪ್ಯಾಕೆಟ್ಟು
ಹರಾಜಿಗೆ ನಾನೇ ತುಂಬಿದೆ.
ಅವರೆಲ್ಲ ಎಲ್ಲಿ, ಯಾವ ಬೆಂಚಿನಲ್ಲಿ ಕೂರುತ್ತಾರೋ
ನನಗೆ ಗೊತ್ತಿರಲಿಲ್ಲ, ಅಷ್ಟೆ.

ಬುಧವಾರ ಬಂದು ಗಾಜು ಬಡಿದರು:
‘ಯಾರ್ರೀ ಕಟ್ಟಿದ್ದು? ಕಂಪನಿ ಬಡ್ಡಿ ಎಷ್ಟೂಂತ ನಂಗೊತ್ತು.
ಇವರದ್ದು ಎಷ್ಟೂಂತ ಹೆಂಗೆ ತಿಳ್ಕೊಳ್ಳೋದು?’
ನಾನು ತಕ್ಕಡಿ ಒರೆಸುತ್ತಿದ್ದೆ. ಒರೆಸುತ್ತಲೇ ಇದ್ದೆ.
ಅವರು ನನ್ನ ಕಿವಿ ನೋಡಿದರು. ಕೆಂಪಾಗಿತ್ತೇನೋ.

ಅಲ್ಲಿಂದಾಚೆ ಪ್ರತಿ ಭಾನುವಾರ
ಚೀಲದೊಳಗೆ ಹತ್ತರ ನೋಟು, ದೇವರಿಗೆ;
ಚೀಲದ ಹೊರಗೆ, ನನ್ನ ಹೆಬ್ಬೆರಳ ಕೆಳಗೆ,
ನಾಲ್ಕು ಮಡಿಕೆಯ ನೂರರದ್ದೊಂದು.
ಮೊದಲ ವಾರ ಪಿಸುಗುಟ್ಟಿದ್ದರು: ‘ಬಡ್ಡಿ ಇಲ್ಲ.’
ಕೇಳಿದ್ದೋ, ಹೇಳಿದ್ದೋ.
ಅರವತ್ತೆರಡು ವಾರ, ಮೇಲೆ ಹತ್ತು ರೂಪಾಯಿ.
ಆ ಹತ್ತನ್ನಾದರೂ ಬಿಡಿ ಎನ್ನಲು ನನಗೆ ಧೈರ್ಯವಿಲ್ಲ.

ಇವತ್ತು ಇಪ್ಪತ್ಮೂರನೇ ವಾರ. ಅವರು ಬಂದಿರಲಿಲ್ಲ.
ಖಾಲಿ ಜಾಗದ ಮುಂದೆ ಚೀಲ
ಸ್ವಲ್ಪ ಹೆಚ್ಚೇ ಹೊತ್ತು ನಿಂತಿತು.