ಚೌಕದ ಹೊರಗಿನ ಏಡಿ

ಹುಬ್ಬಳ್ಳಿಯಿಂದ ಬಂದವರು ಕೈ ತೊಳೆದು, ಒರೆಸಿಕೊಂಡು
ಕೇಳಿದರು: ದತ್ತಾರಾಮ ಕೊಳಂಬಕರರ ಕಾರ್ಡುಗಳು
ನಿಮ್ಮಲ್ಲಿವೆಯಂತಲ್ಲ?
ಬಿಸ್ಕೀಟಿನ ಡಬ್ಬಿ ತಂದು ಮೇಜಿನ ಮೇಲಿಟ್ಟೆ.
ಮುಚ್ಚಳ ಎಬ್ಬಲು ಚಮಚ ಬೇಕಾಯಿತು,
ಕೋಡಿಬಾಗದ ಗಾಳಿಗೆ ತಗಡು ತಗಡನ್ನೇ ಕಚ್ಚಿಕೊಳ್ಳುತ್ತದೆ.

ಅವರಿಗೆ ಕೊಳಂಬಕರ, ನಮಗೆ ದತ್ತಾಬಾಬ.
ವಾರಕ್ಕೆ ಆರು ದಿನ ಪೇಪರಿನಲ್ಲಿ ಮಂತ್ರಿಗಳ ಹೊಟ್ಟೆ ಬಿಡಿಸಿ
ಏಳನೆಯ ದಿನ ಸದಾಶಿವಗಡದ ಅಕ್ಕನ ಮನೆಗೆ
ಮೀನೂಟಕ್ಕೆ ಹೊರಡುವವರು.
ಸೇತುವೆ ಇರಲಿಲ್ಲ ಆಗ,
ಕಾಳಿ ದಾಟಲು ಅಪ್ಪನ ಲಾಂಚು.
ಅವರ ಜೇಬಿನಲ್ಲಿ ಚಿಲ್ಲರೆಯೂ ಇರುತ್ತಿರಲಿಲ್ಲ.
"ಕಾಯ್ತಾನ, ನತಾಳಕ್ಕೆ ಲೆಕ್ಕ ಚುಕ್ತಾ" ಅನ್ನುವರು.
ಚುಕ್ತಾ ಆಗುತ್ತಿತ್ತು:
ಡಿಸೆಂಬರ್ ಇಪ್ಪತ್ತರೊಳಗೆ ಒಂದು ಕಾರ್ಡು,
ಟ್ರೆಡಲ್ ಮಶೀನಿನ ಹಸಿ ಮಸಿಯ ವಾಸನೆ,
ಒಳಗೆಲ್ಲೋ, ಸಹಿಯ ಬದಲು,
ಸಾಸಿವೆಕಾಳಿನಷ್ಟು ಒಂದು ಏಡಿ.
ಮೊದಲು ಹುಡುಕಿದವರಿಗೆ ಅಮ್ಮ
ಒಂದು ನೆವರಿ ಹೆಚ್ಚು ಕೊಡುತ್ತಿದ್ದಳು.

ಹಿಮ ಕಂಡ ಕೈಯಲ್ಲ ಅದು,
ಸಾಣಿಕಟ್ಟೆಯ ಉಪ್ಪಿನ ರಾಶಿ ಕಂಡ ಕೈ.
ಅದಕ್ಕೇ ದತ್ತಾಬಾಬನ ಬೆತ್ಲೆಹೇಮಿನಲ್ಲಿ
ಮಾಡಿನ ಮೇಲೆ ಬಿದ್ದದ್ದೆಲ್ಲ ಉಪ್ಪು,
ಕುರಿಗಳು ಗೋಡೆಗೆ ಕಾಲೂರಿ ನೆಕ್ಕುತ್ತಿದ್ದವು.

ಅರವತ್ತಾರರಲ್ಲಿ
ಮೂವರು ರಾಜರನ್ನು ಮಾಜಾಳಿ ಗೇಟಿನಲ್ಲಿ ಇಳಿಸಿ
ಗಂಧರಸದ ಕುಪ್ಪಿಗೆ ಮೂಗಿಟ್ಟ ಪೊಲೀಸ;
ಒಂಟೆಯೊಂದರ ಮುಖದಲ್ಲಿ ಮಾತ್ರ ಕಳ್ಳಕಳೆ.
ಅರವತ್ತೊಂಬತ್ತರಲ್ಲಿ ಅದೇ ರಾಜರು ಲಾಂಚು ಹತ್ತಿದ್ದರು,
ಚುಕ್ಕಾಣಿ ಹಿಡಿದವನಿಗೆ ನಮ್ಮಪ್ಪನ ಮೂಗು:
"ನಕ್ಷತ್ರ ಆಮೇಲೆ ತೋರಿಸಿ, ಮೊದಲು ಟಿಕೇಟು."
ಅಮ್ಮ ಅದನ್ನು ಇಗರ್ಜಿಗೂ ಒಯ್ದಳು.
ಪಾದ್ರಿ ನಕ್ಕರು,
ನಗಬಾರದಿತ್ತೇನೋ ಎಂಬಂತೆ ಆಮೇಲೆ ಕೆಮ್ಮಿದರು.
ಕೆಂಪು ಶಾಯಿ ಪ್ರತಿ ವರ್ಷ ಒಂದು ನೂಲು ಜಾರುತ್ತಿತ್ತು,
ಮಾತೆಯ ಸೆರಗಿನ ಬಣ್ಣ ಕತ್ತೆಯ ಕಿವಿಗೆ.
ಕತ್ತೆಗೂ ಹಬ್ಬ ಬಂತು ಅನ್ನುತ್ತಿದ್ದೆವು.

ಬಂದವರು ಒಂದೊಂದನ್ನೂ ಭೂತಗನ್ನಡಿಯಡಿ ಹಿಡಿದು
ಬೆನ್ನು ತಿರುವಿದರು. ಬೆನ್ನಲ್ಲಿ ಅಮ್ಮನ ಪೆನ್ಸಿಲ್ಲು:
ಕಾಯಿ ನಾಲ್ಕು, ಬೆಲ್ಲ ಒಂದು ಕಿಲೋ,
ಪೀದಾದ್‌ಬಾಯಿಗೆ ಕೊಡತಕ್ಕದ್ದು ಎಂಟಾಣೆ.
"ಅಯ್ಯೋ, ಇದರಿಂದ ಬೆಲೆ ಇಳಿಯುತ್ತದೆ."
ಬಂದರಿನ ಮೀನಿನವರ ಹತ್ತಿರ
ಬೆಲೆ ಇಳಿಸುವುದರಲ್ಲಿ ಹೆಸರಾದವಳು ಅಮ್ಮ.
ಸತ್ತ ಮೇಲೂ ಬಿಟ್ಟಿಲ್ಲ.

ಡಬ್ಬಿಯ ತಳದಲ್ಲಿತ್ತು ಹನ್ನೊಂದನೆಯದು, ಎಪ್ಪತ್ತೈದರದು.
ಸ್ಕೇಲಿಲ್ಲದೆ ಎಳೆದ ನಾಲ್ಕು ದಪ್ಪ ಗೆರೆ,
ಒಳಗೆ ಏನೂ ಅಚ್ಚಾಗಿರಲಿಲ್ಲ.
ಕೆಳಗೊಂದು ಸಾಲು: ಈ ಸಲ ನೀವೇ ಬಿಡಿಸಿಕೊಳ್ಳಿ.

ಆ ಜೂನಿನಿಂದ ಪೇಪರಿನಲ್ಲೂ
ಅವರ ಜಾಗ ಆಗಾಗ ಬರೇ ಬಿಳಿ ಬರುತ್ತಿತ್ತು ಎಂಬುದು
ನಮಗೆ ಗೊತ್ತಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು.
ಕಾರ್ಡು ನಮ್ಮ ಕೈಗೆ ಕೊಟ್ಟು, ಬೀಡಿ ಹಚ್ಚಿ, ಹೊಳೆ ನೋಡಿದ.

ನಾವು ಬಣ್ಣದ ಪೆನ್ಸಿಲ್ಲು ತಂದೆವು.
ಲಾದ್ರು ಸರ್ಕಾರಿ ಕೆಂಪು ಬಸ್ಸು ಬಿಡಿಸಿದ,
ಸಣ್ಣವಳು ಐದು ಕಾಲಿನ ಹಸು.
ನನ್ನದು ನಕ್ಷತ್ರ, ಅದರ ಬಾಲಕ್ಕೆ ಜಾಗ ಸಾಲದೆ
ಬಸ್ಸಿನ ಮೇಲೇ ಮಡಚಿಟ್ಟೆ.
ಎಲ್ಲ ತುಂಬಿದ ಮೇಲೆ ಅಮ್ಮ ಕೇಳಿದಳು,
ಮಗು ಎಲ್ಲಿ?
ಬಸ್ಸಿನ ಕಿಟಕಿಯಲ್ಲಿ ಕೂರಿಸಿದೆವು.

ಆಮೇಲಿನ ನತಾಳಗಳಿಗೆ ಕಾರ್ಡು ಬರಲಿಲ್ಲ.
ಲಾಂಚಿಗೆ ಅವರೂ ಬರಲಿಲ್ಲ. ಪುಣೆಗೆ ಹೋದರೆಂದರು ಕೆಲವರು.
ಅಪ್ಪ ಆ ಬಾಕಿಯನ್ನು ಯಾರ ಹತ್ತಿರವೂ ಎತ್ತಲಿಲ್ಲ.

"ಛೇ, ಗೀಚಿಬಿಟ್ಟಿದ್ದೀರಲ್ಲ" ಎಂದರು ಬಂದವರು,
"ಖಾಲಿ ಇದ್ದಿದ್ದರೆ ಇದೊಂದಕ್ಕೇ ಉಳಿದ ಹತ್ತರ ಬೆಲೆ."
ಮತ್ತೆ ಬಗ್ಗಿದರು. ಅವರ ಕನ್ನಡಿ ಏಡಿ ಹುಡುಕುತ್ತಿತ್ತು,
ಬಸ್ಸಿನ ಗಾಲಿಯ ಸಂದಿಯಲ್ಲಿ,
ಹಸುವಿನ ಐದನೆಯ ಕಾಲಿನ ಹತ್ತಿರ,
ಬಹಳ ಹೊತ್ತು, ಚೌಕದ ಒಳಗೇ.

ಏಡಿ ಹೊರಗಿತ್ತು,
ಬಲ ಅಂಚಿನ ಬಿಳಿಯಲ್ಲಿ, ಅಡ್ಡಡ್ಡ ಹೊರಟಂತೆ.
ನಾನು ಹೇಳಲಿಲ್ಲ.
ಚಹಾದ ಜೊತೆ ತಟ್ಟೆಯಲ್ಲಿ
ಒಂದು ನೆವರಿ ಹೆಚ್ಚಿಗೆ ಇಟ್ಟಿದ್ದೆ.
ಹಾಗೇ ಉಳಿಯಿತು.