ಗಂಟೆ ಪುಸ್ತಕ

ನಾನು ಬರೆಯುವುದು ಇಷ್ಟೆ: ಬೆಳಿಗ್ಗೆ ಎಷ್ಟು, ಸಂಜೆ ಎಷ್ಟು.
ಸೀಟಿನ ಬಲಕ್ಕೆ, ಗಾಜಿನ ಹಿಂದೆ ಆರು ಅಂಕಿ,
ಇಂಜಿನ್ ಉಸಿರಾಡಿದಷ್ಟು ಹೊತ್ತು ಮಾತ್ರ ಸರಿಯುತ್ತವೆ.
ಮೊದಲ ದಿನ, ಏಪ್ರಿಲ್ ಒಂಬತ್ತು: ೦೭೩೧೨.೪
ಡೀಸೆಲ್ ನೂರಿಪ್ಪತ್ತು ಲೀಟರ್. ಗ್ರೀಸ್ ಒಂದು ಡಬ್ಬ.
ಸಹಿ: ಶಿವಲಿಂಗಮ್ಮ. ಅದು ನಾನು.

ಹುಣಸೆಗಾಲದ ಕೆರೆ ಆಗ ಬಿರಿದ ಅಂಗಾಲು.
ಆಳುದ್ದ ಹೂಳು. ತೂಬಿನ ಕಲ್ಲುಕಂಬ ಕುತ್ತಿಗೆ ತನಕ ಹೂತು
ಮಿಕ್ಕ ಗೇಣುದ್ದವನ್ನೇ ಸ್ಟಂಪು ಮಾಡಿಕೊಂಡು
ನಮ್ಮ ಹುಡುಗರು ಚೆಂಡೆಸೆಯುತ್ತಿದ್ದರು.

ಯಂತ್ರ ಬಂತು ಮದ್ದೂರಿನ ಕಡೆಯಿಂದ, ಟ್ರೇಲರ್ ಮೇಲೆ,
ಮಡಿಸಿದ ತೋಳಿಗೆ ಗದ್ದ ಊರಿ ಮಲಗಿದ ಹಾಗೆ.
ಓಡಿಸುವವನು ಸೋಮ್ರಾ, ಜಾರ್ಖಂಡಿನವ.
ಅವನಿಗೆ ಬರುತ್ತಿದ್ದ ಕನ್ನಡ ಎರಡೇ ಮಾತು:
"ಊಟ ಆಯ್ತಾ", "ವಸಿ ತಡೀರಿ".
ಎರಡರಲ್ಲೇ ಅವನ ಬೇಸಿಗೆ ನಡೆಯಿತು.

ಬಕೆಟ್ಟು ಇಳಿದಾಗ ಮೊದಲು ಬೂದಿ ಬಣ್ಣ,
ಆಮೇಲೆ ಕಪ್ಪು, ಆಲೆಮನೆಯ ತಳ ಹಿಡಿದ ಕೊಪ್ಪರಿಗೆಯ ಕಪ್ಪು,
ಅದರೊಳಗೆ ಬಸವನಹುಳುವಿನ ಚಿಪ್ಪು, ಒಂದು ಲಾಳ,
ಇಪ್ಪತ್ತು ವರ್ಷ ಹಳೆಯ ಗುಟ್ಕಾ ಚೀಟಿ, ಬಣ್ಣ ಮಾಸದೆ,
ಯಾರದೋ ಕಾಲುಂಗುರ.
ಕಾಲುಂಗುರವನ್ನೂ ಬರೆದೆ. ಯಾವ ಕಾಲಮ್ಮಿಗೂ ಸೇರಲಿಲ್ಲ.

ಹದಿನೇಳನೆಯ ದಿನ ಹಳದಿ ಕಂಡಿತು.
ಅಂಗೈ ಅಗಲ, ಬಕೆಟ್ಟಿನ ಹಲ್ಲಿಗೆ ಅಂಟಿದ ನಯವಾದ ಜೇಡಿ.
ಸೋಮ್ರಾ ಲಿವರಿನಿಂದ ಕೈ ತೆಗೆದ.
ಇಳಿದು ಬಂದು ಉಂಡೆ ಕಟ್ಟಿ, ಹಿಸುಕಿ,
ಒಂದು ಚೂರು ನಾಲಗೆಗಿಟ್ಟು ಉಗಿದ.
"ವಸಿ ತಡೀರಿ."

ಗುತ್ತಿಗೆಯ ಕರಿಲಿಂಗು ಬೈಕಿನಿಂದ ಇಳಿಯಲೇ ಇಲ್ಲ.
"ಇನ್ನೂ ಎರಡು ಮೀಟರ್ ಎಸ್ಟಿಮೇಟಲ್ಲೈತೆ, ಹೊಡಿ.
ಇಟ್ಟಿಗೆ ಗೂಡಿನೋರು ಕಾಯ್ತಾವ್ರೆ ಈ ಮಣ್ಣಿಗೇಯ."
ಏರಿಯ ಮೇಲೆ ಆಡು ಮೇಯಿಸುತ್ತಿದ್ದ ಮಂಚಯ್ಯ,
ನೀರುಗಂಟಿ ಕೆಲಸ ಬಿಟ್ಟು ಎಷ್ಟೋ ಕಾಲವಾದವನು,
ಜೋರಾಗೇನೂ ಹೇಳಲಿಲ್ಲ:
"ಅದು ಮಣ್ಣಲ್ಲ ಕಣ್ ಮಗಾ, ತಪ್ಪಲೆ ತಳ.
ತೂತು ಬಿದ್ಮೇಲೆ ಎಷ್ಟು ಆಳ ಇದ್ರೇನು?"

ಮೀಟರ್ ೦೭೪೫೧.೦ಕ್ಕೆ ನಿಂತಿತು. ಎರಡು ದಿನ ಅಲ್ಲೇ.
ನಾನು ಬರೆದೆ: ಯಂತ್ರ ಕೆಟ್ಟಿಲ್ಲ. ಆಳು ಕೆಟ್ಟಿಲ್ಲ. ಕಾರಣ, ಹಳದಿ.
ಮೂರನೆಯ ದಿನ ಇಂಜಿನಿಯರಮ್ಮ ಬಂದು
ಮೊಣಕಾಲೂರಿ ನೋಡಿ ಹೌದು ಅಂದರು.
ಉಳಿದ ಗಂಟೆಗಳು ಏರಿಗೆ ಹೋದವು, ಕೋಡಿಗೆ ಹೋದವು.

ಮಳೆ ಜೂನಿಗೆ ಬರಲಿಲ್ಲ.
ಬಂದದ್ದು ಅಕ್ಟೋಬರಿನ ಒಂದೇ ರಾತ್ರಿ,
ಯಾರೋ ಮೇಲಿಂದ ಗೇಟು ಕಿತ್ತೆಸೆದ ಹಾಗೆ.
ಮೇಲಿನ ಎರಡು ಕೆರೆ ಕೋಡಿ ಬಿದ್ದು, ಅಲ್ಲಿನ ಅಂತರಗಂಗೆಯೆಲ್ಲ
ಚಾಪೆ ಚಾಪೆಯಾಗಿ ತೇಲಿ ಬಂದು
ನಮ್ಮ ಕೋಡಿಯ ಗಂಟಲಿಗೆ ಕೂತಿತು.
ನೀರಿಗೂ ಏರಿಯ ನೆತ್ತಿಗೂ ನಡುವೆ ಒಂದು ಮೊಳ.

ಯಂತ್ರ ಪಕ್ಕದೂರಿನ ನಾಲೆ ಕೆಲಸದಲ್ಲಿತ್ತು. ಯಾರು ಕರೆದರೋ.
ಕಬ್ಬಿನ ನಡುವೆ ಎರಡು ದೀಪ,
ಚೈನಿನ ಸದ್ದು ಮಳೆಗಿಂತ ಮೆಲ್ಲಗೆ.
ಏರಿಯ ಮೇಲೆ ಹತ್ತಿಸಲಿಲ್ಲ ಅವನು;
ನೆನೆದ ಏರಿ ಇಪ್ಪತ್ತು ಟನ್ ಹೊರುತ್ತದೆಯೇ?
ಕೋಡಿಯಾಚೆ ಬಂಡೆಯ ಮೇಲೆ ನಿಂತು ತೋಳು ಚಾಚಿದ,
ಎಳೆದ, ಎಳೆದು ಹಾಕಿದ,
ಹಸಿರು, ಬೇರು, ಥರ್ಮಾಕೋಲು, ಯಾರದೋ ಚಪ್ಪಲಿ.
ಒಂದು ಬಕೆಟ್ಟಿನಲ್ಲಿ ಹಾವು ಸುರುಳಿ ಸುತ್ತಿತ್ತು,
ಅದನ್ನು ಬೇರೆ ಕಡೆ, ತುಂಬ ನಿಧಾನವಾಗಿ ಇಳಿಸಿದ.
ಕೊಡೆ ಹಿಡಿದು ನಾನು. ಟಾರ್ಚು ಹಿಡಿದು ಮಂಚಯ್ಯ.
ಮೂರೂವರೆಗೆ ಕೆರೆ ಕೆಮ್ಮಿತು, ಗಂಟಲು ಬಿಟ್ಟಿತು.

ಬೆಳಿಗ್ಗೆ ಮೀಟರ್ ನೋಡಲು ಹತ್ತಿದೆ: ೦೮೧೯೦.೭
ನಾಲ್ಕು ಗಂಟೆ ಚಿಲ್ಲರೆ. ಬಿಲ್ಲು ಯಾರ ಹೆಸರಿಗೆ?
ಗುತ್ತಿಗೆ ಮುಗಿದಿದೆ, ಆರ್ಡರ್ ಇಲ್ಲ,
ಡೀಸೆಲ್ ಪಕ್ಕದೂರಿನದು.
ಹಳೆಯ ಪುಸ್ತಕದಲ್ಲಿ ಒಂದೇ ಹಾಳೆ ಉಳಿದಿತ್ತು, ತೆಗೆದೆ.
ಕೆಲಸದ ವಿವರ ಎಂಬಲ್ಲಿ ಪೆನ್ನು ನಿಂತಿತು.
ಸೋಮ್ರಾ ಸೀಟಿನಲ್ಲೇ ಒರಗಿದ್ದ, ಬೂಟಿನ ತುಂಬ ಕೆರೆ.
ಕಣ್ಣು ತೆರೆಯದೆ ಕೇಳಿದ:
"ಊಟ ಆಯ್ತಾ?"